ರಾತ್ರಿ ಹೊತ್ತು ಡಾಕ್ಟರ್ ಹುಡುಕ್ಬೇಡಿ, ಕ್ಯಾಶುಯಾಲ್ಟಿ ಹುಡುಕಿ

ಹೋದ ಸಂಚಿಕೇಲಿ ಮಾತಿಗೆ ಮಾತು ಬಂತು ಅಂತ "ರಾತ್ರಿ ಎದೆ ಉರಿ ಬಂದ್ರೆ ಸೋಡಾ ಕುಡ್ದು ಮಲಗ್ಬೇಡಿ" ಅಂತ ಒಂದೇ ಒಂದು ಸಾಲು ಬರ್ದಿದ್ದೆ. ಅದಕ್ಕೆ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ಮೆಸೇಜು ನೋಡಿ ನನಗೇ ಆಶ್ಚರ್ಯ ಆಯ್ತು. ಸಂಜೆ ಏಳೆಂಟಕ್ಕೆ ಕ್ಲಿನಿಕ್ ಷಟರ್ ಎಳೆದ್ಮೇಲೆ, ಭಾನುವಾರ, ಹಬ್ಬದ ದಿನ, ಏನಾದ್ರೂ ಆದ್ರೆ ಎಲ್ಲಿಗೆ ಓಡೋದು ಅನ್ನೋದೇ ಎಲ್ಲರ ಪ್ರಶ್ನೆ. ಹಂಗಾಗಿ ಈ ಸಲ ಪೂರ್ತಿ ಕಾಲಂ ಅದಕ್ಕೇ ಇಟ್ಟಿದೀನಿ. ತಾಲ್ಲೂಕು ಆಸ್ಪತ್ರೇಲಿ ವರ್ಷಗಟ್ಲೆ ನೈಟ್ ಡ್ಯೂಟಿ ಮಾಡಿ ರಿಟೈರ್ ಆದೋಳು ನಾನು, ರಾತ್ರಿ ಬಾಗಿಲು ಬಡಿಯೋರ ಮುಖ ಚೆನ್ನಾಗಿ ಗೊತ್ತು.

ಪ್ರಶ್ನೆ: ಡಾಕ್ಟ್ರಮ್ಮ, ನಮಸ್ಕಾರ. ನಮ್ಮ ಯಜಮಾನ್ರಿಗೆ 54 ವರ್ಷ. ಯುಗಾದಿ ಆಗಿ ಹೊಸತೊಡಕಿನ ದಿನ ಊಟ ಸ್ವಲ್ಪ ಜಾಸ್ತಿನೇ ಆಯ್ತು. ರಾತ್ರಿ ಹನ್ನೊಂದೂವರೆಗೆ ಎದೆ ಹಿಂಡ್ದಂಗೆ ಆಗ್ತಿದೆ ಅಂದ್ರು, ಬೆವರು ಬೇರೆ ಕಿತ್ಕೊಂಡು ಬಂತು. ಗ್ಯಾಸ್ ಅಂದ್ಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟೆ, ಈನೋ ಕೊಟ್ಟೆ. ಕಮ್ಮಿ ಆಗ್ಲಿಲ್ಲ ಅಂತ ಮಗ ಬೈಕಲ್ಲಿ ಕೂರಿಸ್ಕೊಂಡು ನಾವು ಯಾವಾಗ್ಲೂ ತೋರ್ಸೋ ಡಾಕ್ಟರ್ ಮನೆಗೇ ಹೋದ. ಅವ್ರು ಊರಲ್ಲಿರ್ಲಿಲ್ಲ. ಆಮೇಲೆ ಎರಡು ನರ್ಸಿಂಗ್ ಹೋಮ್ ಸುತ್ತಿದ್ವಿ, ಎರಡು ಕಡೇನೂ ಸಿಸ್ಟರ್ ಬಂದು ಡಾಕ್ಟರ್ ಬೆಳಿಗ್ಗೆ ಬರ್ತಾರೆ ಅಂದ್ರು. ಗೌರ್ಮೆಂಟ್ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಎರಡು ಗಂಟೆ. ದೇವ್ರ ದಯೆ, ಈಗ ಸ್ಟೆಂಟ್ ಹಾಕಿಸ್ಕೊಂಡು ಓಡಾಡ್ತಿದಾರೆ. ನಾವು ಮೊದ್ಲು ಎಲ್ಲಿಗೆ ಹೋಗ್ಬೇಕಿತ್ತು?
ತುಮಕೂರು ಜಿಲ್ಲೆಯ ಓದುಗರು

ಉತ್ತರ: ಕೊನೇಲಿ ಹೋದ್ರಲ್ಲ ತಾಯಿ, ಅಲ್ಲಿಗೇ ಮೊದ್ಲು ಹೋಗ್ಬೇಕಿತ್ತು. ಬೈತಿಲ್ಲ, ನೀವು ಮಾಡಿದ್ದನ್ನೇ ನೂರಕ್ಕೆ ಎಂಬತ್ತು ಮನೇಲಿ ಮಾಡ್ತಾರೆ. ನಮ್ಮ ಜನಕ್ಕೆ ಕಾಯಿಲೆ ಅಂದ್ರೆ ಒಬ್ಬ ಡಾಕ್ಟರ್ ಮುಖ ನೆನಪಾಗುತ್ತೆ, ಆ ಮುಖ ಹುಡುಕ್ಕೊಂಡು ಹೋಗ್ತೀವಿ. ಹಗಲಲ್ಲಿ ಅದು ಒಳ್ಳೇದೇ. ರಾತ್ರಿ ಹನ್ನೊಂದೂವರೆಗೆ ಆ ಡಾಕ್ಟರ್ ಮನೇಲಿ ಇದ್ದು, ಪಂಚೆ ಉಟ್ಕೊಂಡು ಎದ್ದು ಬಂದು ಬಾಗ್ಲು ತೆಗ್ದಿದ್ರು ಅಂತಾನೇ ಇಟ್ಕೊಳ್ಳಿ. ಅವ್ರ ಮನೇಲಿ ಇಸಿಜಿ ಮಷೀನ್ ಇರಲ್ಲ, ಆಕ್ಸಿಜನ್ ಇರಲ್ಲ, ರಕ್ತ ಹೆಪ್ಪು ಕರಗ್ಸೋ ಇಂಜೆಕ್ಷನ್ ಇರಲ್ಲ. ನಾಡಿ ನೋಡಿ "ತಕ್ಷಣ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಅಂತಿದ್ರು, ಅದರಲ್ಲೇ ಇಪ್ಪತ್ತು ನಿಮಿಷ ಹೋಗ್ತಿತ್ತು. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ರಾತ್ರಿ ಹೊತ್ತು ಡಾಕ್ಟರ್ ಹುಡುಕ್ಬೇಡಿ, ಕ್ಯಾಶುಯಾಲ್ಟಿ ಹುಡುಕಿ. ಇಡೀ ರಾತ್ರಿ ಲೈಟ್ ಉರಿಯೋ, ಡ್ಯೂಟಿ ಡಾಕ್ಟರ್ ಇರೋ, ಇಸಿಜಿ ತೆಗೆಯೋ ಜಾಗ. ಎಷ್ಟೋ ತಾಲ್ಲೂಕಲ್ಲಿ ಅಂಥ ಜಾಗ ಅಂತ ಇರೋದು ಸರ್ಕಾರಿ ತಾಲ್ಲೂಕು ಆಸ್ಪತ್ರೆ ಒಂದೇ.

ಈಗ ಆ ಆಸ್ಪತ್ರೆಗೆ ಹೋಗೋದಕ್ಕೆ ಇನ್ನೊಂದು ಕಾರಣಾನೂ ಇದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ಕ್ಕೆ ಹೋದ್ರಲ್ಲ, ಆಮೇಲೆ ಅವ್ರ ಹೆಸರಲ್ಲೇ ಹೃದಯ ಜ್ಯೋತಿ ಅಂತ ಸರ್ಕಾರ ಒಂದು ಯೋಜನೆ ತಂತು. ತಾಲ್ಲೂಕು ಆಸ್ಪತ್ರೇಲಿ ತೆಗೆದ ಇಸಿಜಿ ದೊಡ್ಡ ಸೆಂಟರ್‌ನ ಹೃದಯದ ಡಾಕ್ಟರ್‌ಗಳಿಗೆ ಹೋಗುತ್ತೆ, ಅವ್ರು ನೋಡಿ ಹಾರ್ಟ್ ಅಟ್ಯಾಕ್ ಹೌದು ಅಂದ್ರೆ ಟೆನೆಕ್ಟೆಪ್ಲೇಸ್ ಅನ್ನೋ ಇಂಜೆಕ್ಷನ್ ಅಲ್ಲೇ ಕೊಡ್ತಾರೆ. ಹೊರಗೆ ಕೊಂಡ್ರೆ ಹತ್ತಾರು ಸಾವಿರ ಆಗೋ ಇಂಜೆಕ್ಷನ್ನು, ಇಲ್ಲಿ ಪುಕ್ಕಟೆ. ಅದನ್ನ ಕೊಟ್ಟು ಆಮೇಲೆ ಜಯದೇವಕ್ಕೋ ಇನ್ನೊಂದು ಕಡೆಗೋ ಕಳಿಸ್ತಾರೆ. ಅಟ್ಯಾಕ್ ಆದ ಮೊದ್ಲ ಎರಡು ಮೂರು ಗಂಟೇಲಿ ಆ ಔಷಧಿಗೆ ಇರೋ ಶಕ್ತಿ ಆಮೇಲೆ ಇರಲ್ಲ, ಹೊತ್ತು ಹೋದಷ್ಟೂ ಹೃದಯದ ಮಾಂಸ ಸಾಯ್ತಾ ಹೋಗುತ್ತೆ. ನಿಮ್ಮನೇಲಿ ಕಷಾಯ ಕುದಿಸಿದ್ದು, ಎರಡು ಗೇಟ್ ಮುಂದೆ ಹಾರ್ನ್ ಹೊಡೆದಿದ್ದು, ಎಲ್ಲಾ ಆ ಲೆಕ್ಕದಲ್ಲೇ ಬರೋದು.

ಗ್ಯಾಸೋ ಹಾರ್ಟೋ ಅಂತ ಮನೇಲಿ ಕೂತು ತೀರ್ಮಾನ ಮಾಡೋಕೆ ನನ್ನ ಕೈಲೂ ಆಗಲ್ಲ, ನಾನೂ ಇಸಿಜಿ ತೆಗ್ದೇ ನೋಡ್ಬೇಕು. ಎದೆ ಹಿಂಡೋದು, ಭಾರ ಇಟ್ಟಂಗೆ ಆಗೋದು, ಎಡಗೈಗೋ ದವಡೆಗೋ ಬೆನ್ನಿಗೋ ನೋವು ಹರಿಯೋದು, ಸುಮ್ನೆ ಕೂತಿದ್ರೂ ತಣ್ಣನೆ ಬೆವರು, ಉಸಿರು ಕಟ್ಟೋದು, ಇದ್ರಲ್ಲಿ ಯಾವುದಿದ್ರೂ ಹೊರಡಿ. ಶುಗರ್ ಇರೋರಿಗೆ, ಹೆಂಗಸ್ರಿಗೆ ಎಷ್ಟೋ ಸಲ ನೋವೇ ಇರಲ್ಲ, ಬರೀ ಸುಸ್ತು, ವಾಂತಿ ಬಂದಂಗೆ ಆಗೋದು ಅಷ್ಟೇ. ಮನೇಲಿ ಆಸ್ಪಿರಿನ್ ಇದ್ರೆ, ಆಸ್ಪಿರಿನ್ ಅಲರ್ಜಿ, ಹೊಟ್ಟೆ ಹುಣ್ಣು, ರಕ್ತ ಸೋರೋ ತೊಂದ್ರೆ ಏನೂ ಇಲ್ದೇ ಇದ್ರೆ, 300 ಮಿಲಿಗ್ರಾಮಿನಷ್ಟು ಅಗಿದು ನುಂಗಿಸ್ಬೋದು. 75ರ ಮಾತ್ರೆ ಆದ್ರೆ ನಾಲ್ಕು. ಮಾತ್ರೆ ಹುಡುಕ್ತಾ ಕೂರ್ಬೇಡಿ ಮತ್ತೆ. ಬೈಕಲ್ಲಿ ಕೂರಿಸ್ಕೊಂಡು ಹೋಗೋದು ಬೇಡವೇ ಬೇಡ, ಹಿಂದೆ ಕೂತೋರು ದಾರೀಲಿ ಪ್ರಜ್ಞೆ ತಪ್ಪಿದ್ರೆ ಎರಡು ಹೆಣ ಆಗುತ್ತೆ. ಇನ್ನೊಂದು, ಮೊದ್ಲ ಇಸಿಜಿ ನಾರ್ಮಲ್ ಬಂತು ಅಂತ ತಕ್ಷಣ ಎದ್ದು ಬರ್ಬೇಡಿ, ನೋವು ಹಂಗೇ ಇದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೀರಿ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು, ಡ್ಯೂಟಿ ಡಾಕ್ಟರ್ ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ.

ಪ್ರಶ್ನೆ: 108, 104, 112 ಯಾವ್ದಕ್ಕೆ ಫೋನ್ ಮಾಡೋದು ಮೇಡಂ? ಮೂರೂ ಸೇವ್ ಮಾಡ್ಕೊಂಡಿದೀನಿ, ಟೈಮ್ ಬಂದಾಗ ತಲೆ ಓಡಲ್ಲ.
ಹಾಸನದಿಂದ ಕಾಲೇಜು ವಿದ್ಯಾರ್ಥಿ

ಉತ್ತರ: ಆಂಬುಲೆನ್ಸ್ ಬೇಕಾ, 108. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಆರೋಗ್ಯ ಕವಚ ಅನ್ನೋ ಹೆಸರಲ್ಲಿ ಓಡ್ತಿದೆ, ದುಡ್ಡು ಕೊಡಂಗಿಲ್ಲ. ಆಕ್ಸಿಡೆಂಟು, ಗಲಾಟೆ, ಬೆಂಕಿ, ಪೊಲೀಸೂ ಬೇಕು ಆಂಬುಲೆನ್ಸೂ ಬೇಕು ಅಂದ್ರೆ 112. ಆಸ್ಪತ್ರೆಗೆ ಹೋಗ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ, ಯಾರಾದ್ರೂ ಗೊತ್ತಿರೋರು ಹೇಳಿದ್ರೆ ಸಾಕು ಅನ್ನೋವಾಗ 104, ಅದು ಸಲಹೆ ಕೊಡೋ ಆರೋಗ್ಯ ಸಹಾಯವಾಣಿ.

108ಕ್ಕೆ ಮಾಡಿದಾಗ ಊರ ಹೆಸರು ಮಾತ್ರ ಹೇಳಿ ಇಟ್ಬಿಡ್ತಾರೆ ನಮ್ಮೋರು. ಒಂದೇ ಜಿಲ್ಲೇಲಿ ನಾಲ್ಕು ಹೊಸಹಳ್ಳಿ ಇರುತ್ತೆ ಕಣಪ್ಪ. ತಾಲ್ಲೂಕು, ಹೋಬಳಿ, ಮೇನ್ ರೋಡಿಂದ ಯಾವ ಕಡೆ ತಿರುಗ್ಬೇಕು, ಎದುರಿಗೆ ಡೈರಿನೋ ಮಾರಮ್ಮನ ಗುಡಿನೋ ಏನಿದೆ, ಪೇಷೆಂಟ್‌ಗೆ ಪ್ರಜ್ಞೆ ಇದೆಯಾ, ಉಸಿರಾಡ್ತಿದಾರಾ, ಇಷ್ಟು ಹೇಳಿ. ಫೋನ್ ಬಿಡುವಾಗಿ ಇಟ್ಕೊಳ್ಳಿ, ಗಾಡಿಯೋರು ವಾಪಸ್ ಮಾಡ್ತಾರೆ, ಆ ಹೊತ್ತಲ್ಲಿ ನೀವು ಅತ್ತೆ ಮಾವಂಗೆಲ್ಲ ಸುದ್ದಿ ಮುಟ್ಟಿಸ್ತಾ ಲೈನ್ ಬಿಜಿ ಮಾಡಿದ್ರೆ ಆಂಬುಲೆನ್ಸ್ ಪಕ್ಕದೂರಲ್ಲಿ ಸುತ್ತುತ್ತೆ. ಒಬ್ಬರು ಟಾರ್ಚ್ ಹಿಡ್ಕೊಂಡು ತಿರುವಲ್ಲಿ ನಿಂತ್ಕೊಳ್ಳಿ. ಗಾಡಿ ಬರೋಕೆ ಮುಕ್ಕಾಲು ಗಂಟೆ ಅಂದ್ರೆ ಕಾಯ್ತಾ ಕೂರೋದಕ್ಕಿಂತ ಊರಲ್ಲಿರೋ ಕಾರಲ್ಲಿ ಹೊರಟು ದಾರೀಲಿ ಎದುರಾಗೋದು ವಾಸಿ, ಆದ್ರೆ ಗಾಡಿಯೋರಿಗೆ ಹೇಳಿ ಹೊರಡಿ.

ಪ್ರಶ್ನೆ: ನನ್ನ ಮಗಳಿಗೆ ಒಂದೂವರೆ ವರ್ಷ, 10 ಕೆಜಿ. ಮೊನ್ನೆ ಶನಿವಾರ ರಾತ್ರಿ ಎರಡು ಗಂಟೆಗೆ ಮೈ ಕಾದ ಹೆಂಚಾಗಿತ್ತು, 102.5 ಡಿಗ್ರಿ. ಬೆಂಗಳೂರಲ್ಲಿ ನಾವಿಬ್ರೇ, ಹಿರಿಯರು ಯಾರೂ ಇಲ್ಲ. ಮಕ್ಕಳ ಡಾಕ್ಟರ್ ಫೋನ್ ಎತ್ಲಿಲ್ಲ. ಹೆದ್ರಿ ಎಮರ್ಜೆನ್ಸಿಗೆ ಕರ್ಕೊಂಡು ಹೋದ್ವಿ, ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಳ್ಸಿದ್ರು, ಬಿಲ್ ನೋಡಿ ಜ್ವರ ನಮ್ಗೆ ಬಂತು. ಯಾವಾಗ ಓಡ್ಬೇಕು, ಯಾವಾಗ ಬೆಳಗಾಗೋವರ್ಗೂ ಕಾಯ್ಬೋದು?

ಉತ್ತರ: ಹೋಗಿದ್ದು ತಪ್ಪೇನಲ್ಲಮ್ಮ. ಮೊದ್ಲ ಮಗು, ರಾತ್ರಿ ಎರಡು ಗಂಟೆ, ನಾನೇ ಡಾಕ್ಟರಾಗಿ ನನ್ನ ಮಗನ್ನ ಎತ್ಕೊಂಡು ಓಡಿದೀನಿ. ಆದ್ರೆ ಥರ್ಮಾಮೀಟರ್ ನೋಡೋದಕ್ಕಿಂತ ಮಗು ನೋಡೋದು ಕಲೀಬೇಕು. 103 ಇದ್ರೂ ಔಷಧಿ ಕೊಟ್ಟ ಮುಕ್ಕಾಲು ಗಂಟೆಗೆ ಎದ್ದು ಕೂತು ಬಿಸ್ಕತ್ ಕೇಳುತ್ತೆ ಅಂದ್ರೆ ಬೆಳಿಗ್ಗೆವರೆಗೆ ಕಾಯ್ಬೋದು. 100 ಇದ್ದು ಮಗು ಬಟ್ಟೆ ಥರ ತೋಳಲ್ಲಿ ಜೋತು ಬಿದ್ದಿದೆ, ಎಬ್ಬಿಸಿದ್ರೂ ಏಳಲ್ಲ ಅಂದ್ರೆ ಕಾಯಂಗಿಲ್ಲ. ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋಗೋದು, ತುಟಿ ನೀಲಿಯಾಗೋದು, ಏಳೆಂಟು ಗಂಟೆಯಿಂದ ಉಚ್ಚೆ ಇಲ್ಲ, ಹಾಲು ನೀರು ಏನೂ ಕುಡೀತಿಲ್ಲ, ಮೈಮೇಲೆ ಒತ್ತಿದ್ರೂ ಮಾಸದ ಕೆಂಪು ಚುಕ್ಕೆ, ಕುತ್ತಿಗೆ ಸೆಟೆದಿರೋದು, ಇದ್ರಲ್ಲಿ ಒಂದಿದ್ರೂ ಆ ಕ್ಷಣ ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ದಾಟಿದ್ರೆ ಯಾವ ಲೆಕ್ಕಾಚಾರನೂ ಬೇಡ, ರಾತ್ರಿನೇ ಆಸ್ಪತ್ರೆ.

ಈಗ ಔಷಧಿ ವಿಷಯ, ಇಲ್ಲೇ ಎಡವೋದು ಜಾಸ್ತಿ. ಪ್ಯಾರಾಸಿಟಮಾಲ್ ಕೊಡೋದು ತೂಕದ ಮೇಲೆ, ಒಂದು ಕೆಜಿಗೆ ಒಂದು ಸಲಕ್ಕೆ 15 ಮಿಲಿಗ್ರಾಮ್. ನಿಮ್ಮ ಮಗಳಿಗೆ 150. ಅಂಗಡೀಲಿ ಒಂದೇ ಔಷಧಿ ಮೂರು ಥರ ಸಿಗುತ್ತೆ. 5 ಎಂಎಲ್‌ನಲ್ಲಿ 250 ಮಿಲಿಗ್ರಾಮ್ ಇರೋ ಸಿರಪ್ ಆದ್ರೆ 3 ಎಂಎಲ್, 125 ಇರೋ ಸಿರಪ್ ಆದ್ರೆ 6 ಎಂಎಲ್, 1 ಎಂಎಲ್‌ಗೆ 100 ಮಿಲಿಗ್ರಾಮ್ ಇರೋ ಡ್ರಾಪ್ಸ್ ಆದ್ರೆ ಒಂದೂವರೆ ಎಂಎಲ್ ಅಷ್ಟೇ. ಡ್ರಾಪ್ಸನ್ನ ಸಿರಪ್ ಅಂದ್ಕೊಂಡು 6 ಎಂಎಲ್ ಕುಡಿಸಿ ಬಂದೋರನ್ನ ನೋಡಿದೀನಿ, "ಹೋದ್ಸಲ ಡಾಕ್ಟರ್ 6 ಎಂಎಲ್ ಹೇಳಿದ್ರು" ಅಂತಾರೆ, ಹೋದ್ಸಲ ಬಾಟಲಿ ಬೇರೆ. ಆರು ಗಂಟೆಗೊಂದು ಸಲ, ದಿನಕ್ಕೆ ನಾಲ್ಕು ಸಲ ಮೀರ್ಬೇಡಿ, ಎಷ್ಟು ಗಂಟೆಗೆ ಕೊಟ್ರಿ ಅಂತ ಕ್ಯಾಲೆಂಡರ್ ಮೇಲೆ ಬರೀರಿ, ಇಲ್ದಿದ್ರೆ ಅಪ್ಪ ಒಂದ್ಸಲ ಅಮ್ಮ ಒಂದ್ಸಲ ಕೊಟ್ಬಿಡ್ತೀರಿ. ಮಕ್ಕಳಿಗೆ ಆಸ್ಪಿರಿನ್ ಕೊಡ್ಲೇಬೇಡಿ. ಮಳೆಗಾಲದಲ್ಲಿ ಡೆಂಗಿ ಇರೋ ಹೊತ್ತಲ್ಲಿ ಐಬುಪ್ರೊಫೆನ್, ಮೆಫ್ಟಾಲ್ ಥರದ್ದನ್ನ ನೀವಾಗೇ ತಂದು ಕೊಡೋದೂ ಬೇಡ, ರಕ್ತ ಸೋರೋ ಅಪಾಯ ಜಾಸ್ತಿ ಆಗುತ್ತೆ. ಐಸ್ ನೀರಲ್ಲಿ ಒರೆಸ್ಬೇಡಿ, ಕಂಬಳಿನೂ ಹೊದಿಸ್ಬೇಡಿ.

ಜ್ವರಕ್ಕೆ ಫಿಟ್ಸ್ ಬಂದ್ರೆ, ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಅದು ಅಪರೂಪ ಏನಲ್ಲ, ನೋಡೋಕೆ ಭಯಂಕರ ಅಷ್ಟೇ. ಪಕ್ಕಕ್ಕೆ ಒರಗಿಸಿ ಮಲಗ್ಸಿ, ಗಡಿಯಾರ ನೋಡಿ. ಕೈಗೆ ಬೀಗದ ಕೈ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು, ಬಾಯಿಗೆ ಚಮಚ ತುರುಕೋದು ಏನೂ ಬೇಡ. ಫಿಟ್ಸ್ ತಾನಾಗೇ ನಿಲ್ಲುತ್ತೆ, ಆಗ ಕೈಲಿದ್ದ ಬೀಗದ ಕೈಗೆ ಹೆಸರು ಬರುತ್ತೆ! ಐದು ನಿಮಿಷ ದಾಟಿದ್ರೆ 108. ಮೊದಲನೇ ಸಲ ಬಂದಿದ್ದಾದ್ರೆ ನಿಂತ ಮೇಲೂ ಆ ರಾತ್ರಿನೇ ತೋರಿಸಿ.

ಪ್ರಶ್ನೆ: ನಮ್ದು ಸಾಗರದ ಕಡೆ ಅಡಿಕೆ ತೋಟದ ಮನೆ. ಮಳೆಗಾಲ ಶುರುವಾದ್ರೆ ಹಾವಿನ ಹೆದ್ರಿಕೆ. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಂಜೆ ಬಾಗಿಲು ಹಾಕುತ್ತೆ. ರಾತ್ರಿ ಹಾವು ಕಚ್ಚಿದ್ರೆ ಊರಲ್ಲಿ ಔಷಧಿ ಕೊಡೋ ಒಬ್ರಿದಾರೆ, ಮೊದ್ಲು ಅಲ್ಲಿಗೆ ಹೋಗಿ ಆಮೇಲೆ ಆಸ್ಪತ್ರೆಗೆ ಅಂತಾರೆ ಮನೇಲಿ ಅಜ್ಜಿ. ಎರಡೂ ಮಾಡಿದ್ರೆ ಏನು ತಪ್ಪು?

ಉತ್ತರ: ಅಜ್ಜಿಗೆ ಬೇಜಾರಾಗದ ಹಂಗೆ ಹೇಳಿ, ಮೊದ್ಲು ಆಸ್ಪತ್ರೆ, ಆಮೇಲೆ ಬೇಕಿದ್ರೆ ಹರಕೆ. ನಾಟಿ ಔಷಧಿಯೋರ ಹತ್ರ ವಾಸಿಯಾದೋರ ಕಥೆ ಸುಳ್ಳಲ್ಲ, ಕಚ್ಚಿದ್ದು ಕೇರೆ ಹಾವಾಗಿರುತ್ತೆ, ಇಲ್ಲ ವಿಷದ ಹಾವು ಕಚ್ಚಿದ್ರೂ ಮೈಯೊಳಗೆ ವಿಷ ಬಿಟ್ಟಿರಲ್ಲ. ಹಂಗೆ ಉಳಿದೋರು ಊರ ತುಂಬಾ ಕಥೆ ಹೇಳ್ತಾರೆ, ಹೋದೋರು ಬಂದು ಹೇಳಲ್ವಲ್ಲ.

ರಾತ್ರಿ ನಂಗೆ ಜಾಸ್ತಿ ಭಯ ಕಟ್ಟುಹಾವಿಂದು. ನೆಲದ ಮೇಲೆ ಮಲಗಿದೋರಿಗೆ ನಿದ್ದೇಲೇ ಕಚ್ಚುತ್ತೆ, ಹಲ್ಲು ಸಣ್ಣದು, ಗುರುತೂ ಕಾಣಲ್ಲ, ಊತನೂ ಇರಲ್ಲ, ಇರುವೆ ಕಚ್ಚಿದಷ್ಟೂ ಗೊತ್ತಾಗಲ್ಲ. ಬೆಳಗಿನ ಜಾವ ಹೊಟ್ಟೆ ನೋವು ಅಂತ ಎದ್ದು ಕೂರ್ತಾರೆ, ಮನೆಯೋರು ಅಜೀರ್ಣ ಅಂತ ಮಜ್ಜಿಗೆ ಕೊಡ್ತಾರೆ. ಆಮೇಲೆ ಕಣ್ಣ ರೆಪ್ಪೆ ಎತ್ತೋಕಾಗಲ್ಲ, ಎರಡೆರಡು ಕಾಣುತ್ತೆ, ಎಂಜಲು ನುಂಗೋಕಾಗಲ್ಲ, ಕೊನೆಗೆ ಉಸಿರಾಡೋ ಸ್ನಾಯುನೇ ನಿಂತೋಗುತ್ತೆ. ನೆಲದ ಮೇಲೆ ಮಲಗಿದ್ದೋರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು ರೆಪ್ಪೆ ಜೋತು ಬಿದ್ದಿದ್ರೆ, ಹಾವು ಕಂಡಿರ್ಲಿ ಬಿಡ್ಲಿ, ಹಾವಿನ ಕಡಿತ ಅಂತಲೇ ತಿಳ್ಕೊಂಡು ಹೊರಡಿ. ಹಾಸಿಗೆ ಕೆಳಗೆ ಸಿಕ್ಕಿಸಿ ಸೊಳ್ಳೆಪರದೆ ಕಟ್ಟಿ ಮಲಗೋದು ಸೊಳ್ಳೆಗಿಂತ ಹಾವಿಗೆ ಒಳ್ಳೇ ಉಪಾಯ.

ಕಚ್ಚಿದ ಜಾಗ ಕುಯ್ಯೋದು, ಬಾಯಲ್ಲಿ ಹೀರೋದು, ಹಗ್ಗ ಬಿಗಿದು ಕಟ್ಟೋದು ಬೇಡ. ಬಿಗಿದು ಕಟ್ಟಿ ಎರಡು ಗಂಟೆ ಆದ್ಮೇಲೆ ಬಂದ ಕಾಲುಗಳನ್ನ ನೋಡಿ ಹೇಳ್ತಿದೀನಿ. ಉಂಗುರ, ಕಾಲುಂಗುರ, ಬಳೆ ಬಿಚ್ಚಿ, ಕೈಯೋ ಕಾಲೋ ಅಲ್ಲಾಡದ ಹಂಗೆ ಹಲಗೆಗೆ ಸಡಿಲವಾಗಿ ಕಟ್ಟಿ, ನಡೆಸ್ಬೇಡಿ, ಎತ್ಕೊಂಡು ಹೋಗಿ. ಹಾವು ಹುಡುಕಿ ಹೊಡೆದು ಚೀಲದಲ್ಲಿ ತರೋ ಸಾಹಸ ಬೇಡ, ಎಷ್ಟೋ ಸಲ ಚೀಲ ತಂದೋನಿಗೂ ಇಂಜೆಕ್ಷನ್ ಹಾಕ್ಬೇಕಾಗುತ್ತೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ ಪ್ರತಿವಿಷ ಇರೋದು, ದೊಡ್ಡೋರಿಗೂ ಮಕ್ಕಳಿಗೂ ಅಳತೆ ಒಂದೇ, ಮೊದ್ಲಿಗೇ 8ರಿಂದ 10 ವಯಲ್ (ಇಂಜೆಕ್ಷನ್ನಿನ ಪುಟ್ಟ ಬಾಟಲಿ) ಹೋಗುತ್ತೆ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಕೇಸನ್ನ ಆಸ್ಪತ್ರೆಗಳು ವರದಿ ಮಾಡ್ಲೇಬೇಕು ಅಂತ ಆಗಿದೆ, ಖಾಸಗಿಯೋರೂ ಅಷ್ಟೇ.

ಪಿಎಚ್‌ಸಿ ವಿಷಯಕ್ಕೆ ಬಂದ್ರೆ, ಮಲೆನಾಡಲ್ಲಿ 20 ಸಾವಿರ ಜನಕ್ಕೆ, ಬಯಲುಸೀಮೇಲಿ 30 ಸಾವಿರ ಜನಕ್ಕೆ ಒಂದು ಅಂತ ಲೆಕ್ಕ, ಸಾಮಾನ್ಯವಾಗಿ ಇರೋದು ಒಬ್ರೇ ಡಾಕ್ಟರ್. ಅವ್ರು ಹಗಲೂ ರಾತ್ರಿ ಕೂತಿರೋಕೆ ಆಗಲ್ಲ. 24 ಗಂಟೆ ಅಂತ ಬೋರ್ಡ್ ಇರೋ ಕಡೆನೂ ರಾತ್ರಿ ಸಿಗೋದು ಸಿಸ್ಟರ್, ಮುಖ್ಯವಾಗಿ ಹೆರಿಗೆಗೆ. ಹಂಗಾಗಿ ಮಳೆಗಾಲಕ್ಕೆ ಮೊದ್ಲೇ ಒಂದು ದಿನ ಹಗಲಲ್ಲಿ ಹೋಗಿ ಕೇಳ್ಕೊಂಡು ಬನ್ನಿ, ಹಾವಿನ ಇಂಜೆಕ್ಷನ್ ಇಲ್ಲಿ ಇದೆಯಾ, ರಾತ್ರಿ ಕೊಡೋರು ಇದಾರಾ, ಇಲ್ಲಾಂದ್ರೆ ನೇರ ಎಲ್ಲಿಗೆ ಹೋಗ್ಬೇಕು. ಉತ್ತರ ಗೋಡೆ ಮೇಲೆ ಬರೆದಿಡಿ.

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದೀವಿ. ಅಪ್ಪ ಅಮ್ಮ ಮೈಸೂರಿಂದ ಆರು ತಿಂಗಳಿಗೆ ಬಂದಿದಾರೆ. ಅಮ್ಮಂಗೆ ಬಿಪಿ, ಶುಗರ್. ಇಲ್ಲಿ ಜಿಪಿ ಸರ್ಜರಿ, ಅಂದ್ರೆ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್, ಶುಕ್ರವಾರ ಸಂಜೆ ಮುಚ್ಚಿದ್ರೆ ಸೋಮವಾರವೇ. ಊರಲ್ಲಾದ್ರೆ ಯಾರೋ ಒಬ್ರು ಗೊತ್ತಿರೋ ಡಾಕ್ಟರ್ ಸಿಗ್ತಿದ್ರು. ವೀಕೆಂಡಲ್ಲಿ ಏನಾದ್ರೂ ಆದ್ರೆ?

ಉತ್ತರ: ಈ ವಿಷಯದಲ್ಲಿ ನಿಮ್ಮ ಊರಲ್ಲಿ ನಮಗಿಂತ ಅನುಕೂಲ ಜಾಸ್ತಿ, ಉಪಯೋಗಿಸೋದು ಗೊತ್ತಿರ್ಬೇಕು ಅಷ್ಟೇ. ಜಿಪಿಗಳ ಮಾಮೂಲಿ ಹೊತ್ತು ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 8ರಿಂದ ಸಂಜೆ 6.30. ಅದರಾಚೆಗೆ 111ಕ್ಕೆ ಫೋನ್ ಮಾಡಿ, 24 ಗಂಟೆನೂ ಇರುತ್ತೆ, ಫ್ರೀ. ಅವ್ರು ಕೇಳೋ ಪ್ರಶ್ನೆಗೆಲ್ಲಾ ತಾಳ್ಮೆಯಿಂದ ಉತ್ತರ ಕೊಡಿ, ಎದೆನೋವು ಅಂತ ಅಲ್ಲ ಬರೀ ಮಂಡಿನೋವು ಅಂದ್ರೂ ಉಸಿರಾಡ್ತಿದಾರಾ ಅಂತ ಕೇಳ್ತಾರೆ, ಅವ್ರ ಪದ್ಧತಿ ಅದು. ಆಮೇಲೆ ರಾತ್ರಿ ಡಾಕ್ಟರ್ ಕೈಲಿ ಫೋನ್ ಮಾಡಿಸ್ತಾರೆ, ಇಲ್ಲ ಅರ್ಜೆಂಟ್ ಟ್ರೀಟ್‌ಮೆಂಟ್ ಸೆಂಟರ್‌ಗೆ ಟೈಮ್ ಕೊಡ್ತಾರೆ, ಇಲ್ಲ ಆಂಬುಲೆನ್ಸೇ ಕಳಿಸ್ತಾರೆ. ಅಮ್ಮಂಗೆ ಇಂಗ್ಲಿಷ್ ಕಷ್ಟ ಅಂದ್ರೆ ಇಂಟರ್‌ಪ್ರಿಟರ್ ಬೇಕು ಅಂತ ಕೇಳ್ಬೋದು. ಎದೆ ಹಿಂಡೋದು, ಮುಖ ಸೊಟ್ಟಗಾಗೋದು, ಮಾತು ತೊದಲೋದು ಇವಕ್ಕೆಲ್ಲ 111 ಅಲ್ಲ, ನೇರ ಅಲ್ಲಿನ ಎಮರ್ಜೆನ್ಸಿ ನಂಬರ್ 999. ಸಣ್ಣಪುಟ್ಟದಕ್ಕೆ ಫಾರ್ಮಸಿಯೋರನ್ನ ಕೇಳಿ, 2024ರ ಜನವರಿ 31ರಿಂದ ಇಂಗ್ಲೆಂಡಲ್ಲಿ ಗಂಟಲು ನೋವು, ಮಕ್ಕಳ ಕಿವಿ ನೋವು, ಸರ್ಪಸುತ್ತು, ಹೆಂಗಸರ ಉರಿಮೂತ್ರ ಹಿಂಗೆ ಏಳು ತೊಂದ್ರೆಗೆ ಅವ್ರೇ ನೋಡಿ ಔಷಧಿ ಕೊಡೋ ವ್ಯವಸ್ಥೆ ಬಂದಿದೆ.

ದುಡ್ಡಿನ ವಿಷಯ ಕೇಳೋಕೆ ಸಂಕೋಚ ಪಟ್ಟಿರ್ತೀರಿ, ನಾನೇ ಹೇಳ್ತೀನಿ. ವಿಸಿಟರ್ ವೀಸಾದಲ್ಲಿ ಬಂದೋರಿಗೂ 111, ಜಿಪಿ, ಎ ಅಂಡ್ ಇ (ಅಲ್ಲಿನ ಕ್ಯಾಶುಯಾಲ್ಟಿ) ಒಳಗಿನ ಚಿಕಿತ್ಸೆ ಪುಕ್ಕಟೆ. ವಾರ್ಡಿಗೆ ಅಡ್ಮಿಟ್ ಆದ್ರೆ ಮೀಟರ್ ಶುರು, ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಲೆಕ್ಕದ ಒಂದೂವರೆ ಪಟ್ಟು. ಇನ್ಶೂರೆನ್ಸ್ ಮಾಡಿಸಿದೀರಾ ಇಲ್ವಾ ಈಗ್ಲೇ ನೋಡ್ಕೊಳ್ಳಿ, ಅದ್ರಲ್ಲಿ ಮೊದ್ಲಿಂದ ಇರೋ ಬಿಪಿ ಶುಗರ್ ಸೇರಿದೆಯಾ ಅಂತಲೂ. ಇನ್ನೊಂದು ಕೆಲಸ ಇವತ್ತೇ ಮಾಡಿ. ಅಮ್ಮನ ಮಾತ್ರೆಗಳ ಬ್ರ್ಯಾಂಡ್ ಹೆಸರು ಅಲ್ಲಿಯೋರಿಗೆ ಅರ್ಥ ಆಗಲ್ಲ, ನಮ್ಮಲ್ಲಿ ಒಂದೇ ಮಾತ್ರೇಲಿ ಎರಡು ಮೂರು ಔಷಧಿ ಸೇರ್ಸಿರ್ತಾರೆ ಬೇರೆ. ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಟೆಲ್ಮಿಸಾರ್ಟನ್ ಇಷ್ಟು, ಮೆಟ್‌ಫಾರ್ಮಿನ್ ಇಷ್ಟು, ಗ್ಲಿಮೆಪಿರೈಡ್ ಇಷ್ಟು ಅಂತ ಇರುತ್ತಲ್ಲ, ಅದನ್ನ ಚೀಟೀಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಪ್ರಶ್ನೆ: ನಮ್ಮ ತಂದೆ 72 ವರ್ಷ, ಶುಗರ್ ಮಾತ್ರೆ ತಗೋತಾರೆ. ಏಕಾದಶಿ ದಿನ ಉಪವಾಸ ಇದ್ದು ಮಾತ್ರೆ ಮಾತ್ರ ತಪ್ಪಿಸ್ಲಿಲ್ಲ. ಮಧ್ಯರಾತ್ರಿ ಏನೇನೋ ಮಾತಾಡ್ತಿದ್ರು, ಮೈಯೆಲ್ಲ ಒದ್ದೆ. ಗಾಳಿ ಸೋಕಿದೆ ಅಂದ್ರು ಪಕ್ಕದ ಮನೆಯೋರು. ನಾನು ಸಕ್ಕರೆ ನೀರು ಕುಡಿಸಿದೆ, ಸರಿ ಹೋದ್ರು. ಮತ್ತೆ ಆಸ್ಪತ್ರೆಗೆ ಹೋಗ್ಲಿಲ್ಲ. ಸರಿ ತಾನೆ?

ಉತ್ತರ: ಸಕ್ಕರೆ ನೀರು ಕುಡಿಸಿದ್ದಕ್ಕೆ ನಿಮಗೆ ನಮಸ್ಕಾರ, ಆಸ್ಪತ್ರೆಗೆ ಹೋಗದೇ ಇದ್ದಿದ್ದು ಮಾತ್ರ ಅದೃಷ್ಟದ ಮೇಲೆ ಬಿಟ್ಟಂಗೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆಯಿಂದ ಶುಗರ್ ಇಳಿದ್ರೆ ಸಕ್ಕರೆಗೆ ಮೇಲೆ ಬಂದು ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಳಿಯುತ್ತೆ, ಮಾತ್ರೆ ಮೈಯಲ್ಲಿ ಇನ್ನೂ ಕೆಲಸ ಮಾಡ್ತಿರುತ್ತಲ್ಲ. ವಯಸ್ಸಾದೋರಲ್ಲಿ, ಕಿಡ್ನಿ ಸ್ವಲ್ಪ ಕುಂದಿದ್ರೆ ಒಂದು ದಿನ ಪೂರ್ತಿ ಈ ಆಟ ನಡೆಯುತ್ತೆ. ನೀವು ಸರಿ ಹೋಯ್ತು ಅಂತ ಮಲಗ್ತೀರಿ, ಬೆಳಿಗ್ಗೆ ಅವ್ರು ಏಳಲ್ಲ.

ಗ್ಲೂಕೋಮೀಟರ್‌ನಲ್ಲಿ 70ಕ್ಕಿಂತ ಕಮ್ಮಿ ಬಂದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ್ಮೇಲೆ ಅನ್ನವೋ ಇಡ್ಲಿಯೋ ತಿನ್ನಿಸಿ, ಇಷ್ಟಾದ್ಮೇಲೂ ಆ ರಾತ್ರಿ ಆಸ್ಪತ್ರೇಲಿ ಇರೋದೇ ಕ್ಷೇಮ. ಪ್ರಜ್ಞೆ ಇಲ್ದೋರಿಗೆ ಬಾಯಿಗೆ ಏನೂ ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಮೀಟರ್ ಇಲ್ಲ, ಹೆಚ್ಚಾಗಿದೆಯೋ ಕಮ್ಮಿಯಾಗಿದೆಯೋ ಗೊತ್ತಾಗ್ತಿಲ್ಲ ಅಂದ್ರೆ ಕಮ್ಮಿ ಅಂತಲೇ ತಿಳ್ಕೊಂಡು ಸಕ್ಕರೆ ಕೊಡಿ, ಹೆಚ್ಚಿದ್ರೆ ಮೂರು ಚಮಚದಿಂದ ಏನೂ ಮುಳುಗೋಗಲ್ಲ. ಮುಂದಿನ ಏಕಾದಶಿಗೆ ಮೊದ್ಲು ತಂದೆಯವ್ರನ್ನ ಕರ್ಕೊಂಡು ಡಾಕ್ಟರ್ ಹತ್ರ ಹೋಗಿ ಉಪವಾಸದ ದಿನ ಮಾತ್ರೆ ಹೆಂಗೆ ಅಂತ ಕೇಳಿ. ಉಪವಾಸ ಬಿಡಿ ಅಂದ್ರೆ ಅವ್ರು ಬಿಡಲ್ಲ ಅಂತ ನನಗೂ ಗೊತ್ತು, ನಮ್ಮಪ್ಪನೂ ಬಿಡ್ಲಿಲ್ಲ.

ಪ್ರಶ್ನೆ: ರಾತ್ರಿ ಹೋದ್ರೆ ಖಾಸಗಿ ಆಸ್ಪತ್ರೇಲಿ ಮೊದ್ಲು ಅಡ್ವಾನ್ಸ್ ಕಟ್ಟಿ ಅಂತಾರೆ, ಆಕ್ಸಿಡೆಂಟ್ ಆದ್ರೆ ಪೊಲೀಸ್ ಕೇಸ್, ನಾವು ಮುಟ್ಟಲ್ಲ ಅಂತಾರೆ. ನೀವು ಡಾಕ್ಟರ್‌ಗಳು ಯಾಕ್ರೀ ಹಿಂಗೆ?

ಉತ್ತರ: ಸಿಟ್ಟು ಅರ್ಥ ಆಗುತ್ತೆ ಸ್ವಾಮಿ. ಕಾನೂನು ನಿಮ್ಮ ಕಡೆ ಇದೆ. 1989ರಲ್ಲೇ ಪರಮಾನಂದ ಕಟಾರ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಸರ್ಕಾರಿ ಆಗ್ಲಿ ಖಾಸಗಿ ಆಗ್ಲಿ ಡಾಕ್ಟರ್ ಮೊದ್ಲು ಜೀವ ಉಳಿಸ್ಬೇಕು, ಪೊಲೀಸ್ ಕಾಗದಪತ್ರ ಆಮೇಲೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರ ತಿದ್ದುಪಡಿ ಆದ್ಮೇಲೆ ತುರ್ತು ಹೊತ್ತಲ್ಲಿ ಅಡ್ವಾನ್ಸ್ ಕಟ್ಟಿಲ್ಲ ಅಂತ ಚಿಕಿತ್ಸೆ ತಡ ಮಾಡಂಗಿಲ್ಲ. ಗಾಯಾಳುವನ್ನ ಕರ್ಕೊಂಡು ಬಂದೋರನ್ನ ಪೊಲೀಸರು ಸತಾಯಿಸಂಗಿಲ್ಲ, ಹೆಸರು ಹೇಳೋಕೆ ಒತ್ತಾಯನೂ ಮಾಡಂಗಿಲ್ಲ. ಕೌಂಟರ್‌ನಲ್ಲಿ ಜಗಳ ಆಡೋ ಬದ್ಲು ಡ್ಯೂಟಿ ಡಾಕ್ಟರ್‌ನ ಕರೀರಿ ಅನ್ನಿ, "ಎಮರ್ಜೆನ್ಸಿ ಚಿಕಿತ್ಸೆ ಕೊಡಲ್ಲ ಅಂತ ಬರೆದುಕೊಡಿ" ಅಂತ ಮೆತ್ತಗೆ ಕೇಳಿ. ಬರೆದುಕೊಡೋರು ಯಾರೂ ಇಲ್ಲ, ಸ್ಟ್ರೆಚರ್ ಬರುತ್ತೆ.

ಇನ್ನೊಂದು ಕಡೆದೂ ಕೇಳಿ. ತಾಲ್ಲೂಕು ಆಸ್ಪತ್ರೇಲಿ ರಾತ್ರಿ ಒಬ್ರೇ ಡ್ಯೂಟಿ ಡಾಕ್ಟರ್ ಇರ್ತಾರೆ ಎಷ್ಟೋ ಕಡೆ. ಒಂದು ರಾತ್ರಿ ನಾನು ವಿಷ ಕುಡಿದ ಹುಡುಗನ ಹೊಟ್ಟೆ ತೊಳೀತಿದ್ದೆ, ಹೊರಗೆ ನೆಗಡಿ ಅಂತ ಬಂದ ಒಬ್ಬರು ಅರ್ಧ ಗಂಟೆ ಕಾಯಿಸಿದ್ರಿ ಅಂತ ಕಿಟಕಿ ಗಾಜು ಒಡೆದ್ರು. ನೆಗಡಿಯೋರ ಕೂಗಾಟ ಇಡೀ ವಾರ್ಡಿಗೆ ಕೇಳ್ತು, ಹುಡುಗನ ಅಮ್ಮನ ಬಾಯಿಂದ ಮಾತೇ ಬರ್ತಿರ್ಲಿಲ್ಲ. ಕ್ಯಾಶುಯಾಲ್ಟೀಲಿ ಮೊದ್ಲು ಬಂದೋರಿಗೆ ಮೊದ್ಲು ಅನ್ನೋ ಕ್ಯೂ ಇರಲ್ಲ, ಸಾಯೋ ಹತ್ರ ಇರೋರಿಗೆ ಮೊದ್ಲು.

ಪ್ರಶ್ನೆ: ಮಗ ಪಿಯುಸಿ. ರಾತ್ರಿ ಒಂದು ಗಂಟೆಗೆ ಎದ್ದು ಕೂತು ಬದುಕೋಕೆ ಇಷ್ಟ ಇಲ್ಲ ಅಂತ ಅಳ್ತಾನೆ. ಬೆಳಿಗ್ಗೆ ಏನೂ ಆಗಿಲ್ಲ ಅನ್ನೋ ಥರ ಇರ್ತಾನೆ. ಇದಕ್ಕೂ ರಾತ್ರಿ ಡಾಕ್ಟರ್ ಸಿಗ್ತಾರಾ?

ಉತ್ತರ: ಸಿಗ್ತಾರಮ್ಮ. 14416, ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ಅವನ ಪರವಾಗಿ ನೀವೇ ಮಾಡ್ಬೋದು, ನನ್ನ ಮಗ ಹಿಂಗಂತಾನೆ ಏನ್ ಮಾಡ್ಲಿ ಅಂತ. ನಿಮ್ಹಾನ್ಸ್‌ನಲ್ಲಿ ಇಡೀ ರಾತ್ರಿ ಎಮರ್ಜೆನ್ಸಿ ತೆರೆದಿರುತ್ತೆ. ಮಾತ್ರೆ ಡಬ್ಬಿ, ತೋಟದ ಔಷಧಿ ಕೈಗೆ ಸಿಗದ ಹಂಗೆ ಬೀಗ ಹಾಕಿ, ಇವತ್ತು ಅವನ ರೂಮಲ್ಲೇ ಮಲಗಿ. ಬೆಳಿಗ್ಗೆ ಚೆನ್ನಾಗಿದಾನೆ ಅಂತ ಬಿಡ್ಬೇಡಿ, ಈ ವಾರದಲ್ಲೇ ಮನೋವೈದ್ಯರಿಗೆ ತೋರಿಸಿ. ಪತ್ರಿಕೆ ನಿಮ್ಮ ಕೈಗೆ ಬರೋವರೆಗೂ ಕಾಯೋದು ಬೇಡ ಅಂತ ನಿಮಗೆ ಬೇರೆಯಾಗಿ ಉತ್ತರ ಕಳಿಸಿದೀನಿ.

ಪ್ರಶ್ನೆ: ಭಾನುವಾರ ಗೊತ್ತಿರೋ ಡಾಕ್ಟರ್‌ಗೆ ವಾಟ್ಸಾಪ್ ಮಾಡಿ ಔಷಧಿ ಕೇಳಿದ್ರೆ ತಪ್ಪಾ?

ಉತ್ತರ: ತಪ್ಪಲ್ಲ. 2020ರ ಮಾರ್ಚಲ್ಲಿ ಬಂದ ಟೆಲಿಮೆಡಿಸಿನ್ ನಿಯಮದ ಪ್ರಕಾರ ರಿಜಿಸ್ಟರ್ ಆಗಿರೋ ಡಾಕ್ಟರ್ ಫೋನು, ವಿಡಿಯೋ, ಮೆಸೇಜ್ ಮೂಲಕ ನೋಡಿ ಚೀಟಿ ಕೊಡ್ಬೋದು, ನಿದ್ದೆ ಬರ್ಸೋವಂಥ ಕೆಲವು ಔಷಧಿ ಹಂಗೆ ಕೊಡೋಕೆ ಕಟ್ಟುಪಾಡಿದೆ. ಸರ್ಕಾರದ ಇ-ಸಂಜೀವನಿ ಅನ್ನೋ ಆನ್‌ಲೈನ್ ಸೇವೇಲೂ ಡಾಕ್ಟರ್ ಹತ್ರ ಪುಕ್ಕಟೆ ಮಾತಾಡ್ಬೋದು, ಡಾಕ್ಟರ್ ಸಿಗೋ ಹೊತ್ತು ಮೊದ್ಲೇ ನೋಡ್ಕೊಳ್ಳಿ. ಮೆಸೇಜ್ ಮಾಡುವಾಗ "ಮೇಡಂ ಹುಷಾರಿಲ್ಲ" ಅಂತ ಕಳಿಸಿ ಸುಮ್ನಾಗ್ಬೇಡಿ, ಯಾರಿಗೆ, ವಯಸ್ಸೆಷ್ಟು, ಎಷ್ಟು ದಿನದಿಂದ, ಈಗ ಏನು ಮಾತ್ರೆ ನಡೀತಿದೆ, ಯಾವುದಕ್ಕೆ ಅಲರ್ಜಿ, ಎಲ್ಲಾ ಒಂದೇ ಮೆಸೇಜಲ್ಲಿ. ಅರ್ಧ ಗಂಟೆ ಉತ್ತರ ಬರ್ಲಿಲ್ಲ ಅಂದ್ರೆ ಅವ್ರು ಮದುವೆ ಮನೇಲಿ ಇದಾರೆ ಅಂತ ಅಂದ್ಕೊಳ್ಳಿ, ಕಾಯಿಲೆ ಜೋರಿದ್ರೆ ಕಾಯ್ದೇ ಹೊರಡಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ದಿನಾ ಕಳಿಸೋರ ನಂಬರ್ ನಾನು ಮ್ಯೂಟ್ ಮಾಡಿರ್ತೀನಿ, ಅದೊಂದು ನೆನಪಿರ್ಲಿ.